ಮೂರು ಎಕರೆಗೆ ಮೂರು ಲೆಕ್ಕ

2021ರಲ್ಲಿ ನಾನು ಮಾಡಿದ ತಪ್ಪು ಇಷ್ಟೇ. ತುಮಕೂರು ಜಿಲ್ಲೆಯ ಗುಬ್ಬಿ ಕಡೆ ನಮ್ಮದು ಮೂರು ಎಕರೆ ಕೆಂಪು ಮಣ್ಣಿನ ಹೊಲ, ಮಳೆ ನಂಬಿದ ಬೇಸಾಯ. ಆ ಮೂರೂ ಎಕರೆಗೆ ಜುಲೈ ಮೂರನೇ ವಾರದಲ್ಲಿ ಜಿಪಿಯು-28 ರಾಗಿಯನ್ನು ಒಂದೇ ಸಲ ಬಿತ್ತಿಬಿಟ್ಟೆ. 110-115 ದಿನದ ತಳಿ. ದೀಪಾವಳಿ ಕಳೆದ ಮೇಲೆ ಕುಡುಗೋಲು ಹಿಡಿಯೋಣ ಅನ್ನುವಷ್ಟರಲ್ಲಿ ಮಳೆ ಹಿಡಿಯಿತು, ಬಿಡಲೇ ಇಲ್ಲ. ತೆನೆ ಮಲಗಿ ಅಲ್ಲೇ ಮೊಳಕೆ ಬಂತು. ಹುಲ್ಲು ಕಪ್ಪಾಯಿತು, ದನ ಮೂಸಿಯೂ ನೋಡಲಿಲ್ಲ.

ಮಳೆಯನ್ನು ಬೈದು ಏನು ಬಂತು? ಎಲ್ಲ ತೆನೆಯೂ ಒಂದೇ ವಾರ ಹಣ್ಣಾಗುವ ಹಾಗೆ ಮಾಡಿದವನು ನಾನೇ ಅಲ್ವಾ? ಅಲ್ಲಿಂದ ಮುಂದೆ ಹೊಲವನ್ನು ಮೂರು ಪಾಲು ಮಾಡಿದೆ.

ಒಂದು ಎಕರೆಗೆ ಮೊದಲಿನ ಹಾಗೆ ಕೂರಿಗೆ ಬಿತ್ತನೆ, ಅಂದರೆ ಎತ್ತು ಎಳೆಯುವ ಕೂರಿಗೆಯಿಂದ ಸಾಲಿಗೆ ಬೀಜ ಬಿಡುವುದು. ಇನ್ನೊಂದಕ್ಕೆ ಅಪ್ಪನ ಕಾಲದ ಅಕ್ಕಡಿ ಸಾಲು: ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು. ಮೂರನೆಯದು ಕೃಷಿಹೊಂಡದ ಪಕ್ಕದ ಎಕರೆ. ಅಲ್ಲಿ ಹಾವೇರಿ ಕಡೆಯವರ ಗುಳಿ ರಾಗಿ. ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಹಿಡಿ ಗೊಬ್ಬರ, 20-25 ದಿನದ ಎರಡು ಪೈರು. ಊರವರು ನಕ್ಕರು. ಇಷ್ಟು ದೂರ ದೂರ ನೆಟ್ಟರೆ ಮಧ್ಯದಲ್ಲಿ ಕ್ರಿಕೆಟ್ ಆಡಬಹುದು ಅಂದರು.

ಗುಳಿ ರಾಗಿಯ ಗುಟ್ಟು ಕೊರಡು ಎಳೆಯುವುದರಲ್ಲಿದೆ. ಪೈರು ಬೇರು ಹಿಡಿದ ಮೇಲೆ ಎತ್ತು ಕಟ್ಟಿ ಪೈರಿನ ಮೇಲೆ ಮರದ ಕೊರಡು ಎಳೆಯಬೇಕು. ಪೈರು ಬಾಗಿ, ಬುಡದಿಂದ ಜಾಸ್ತಿ ತೆಂಡೆ (ಮರಿ ಕವಲು) ಒಡೆಯುತ್ತದೆ. ಮೊದಲ ವರ್ಷ ನನಗೆ ಧೈರ್ಯ ಸಾಲದೆ ತಡ ಮಾಡಿದೆ. ಅಷ್ಟರಲ್ಲಿ ದಂಟು ಬಲಿತಿತ್ತು. ಲಟಲಟ ಅಂತ ಮುರಿದವು. ಆಮೇಲೆ ಕಲಿತೆ, ದಂಟು ಎಳೆಯದಾಗಿರುವಾಗಲೇ ಕಣ್ಣು ಮುಚ್ಚಿ ಎಳೆದುಬಿಡಬೇಕು.

ನಿಜವಾದ ಪರೀಕ್ಷೆ ಬಂದದ್ದು 2023ರಲ್ಲಿ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಅಂತ ಅಪ್ಪ ಹೇಳುತ್ತಿದ್ದರು. ಆ ವರ್ಷ ಆಗಸ್ಟ್ ಎರಡನೇ ಅರ್ಧದ ಈ ಮಘೆ ಮಳೆ ನಮ್ಮೂರಿಗೆ ಬರಲೇ ಇಲ್ಲ. ಎಲ್ ನಿನೊ ವರ್ಷ, ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಸೊರಗುವ ಕಾಲ. 1901ರಿಂದೀಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಇರಲಿಲ್ಲವಂತೆ. ರಾಜ್ಯದ 223 ತಾಲ್ಲೂಕುಗಳು ಬರ ಪಟ್ಟಿ ಸೇರಿದವು. ಅದಕ್ಕೂ ಮುಂಚೆ ಜುಲೈನಲ್ಲೇ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತ್ತು. ಅಮೆರಿಕದಲ್ಲಿರುವ ಅಕ್ಕನ ಮಗಳು ಫೋನ್ ಮಾಡಿ, "ಮಾವ, ಇಲ್ಲಿ ಸೋನಾ ಮಸೂರಿಗೆ ಕ್ಯೂ ನಿಂತಿದ್ದೀವಿ" ಅಂದಳು. ನಾನು ಇಲ್ಲಿ ಮೋಡ ನೋಡುತ್ತಾ ನಿಂತಿದ್ದೆ.

ಕೂರಿಗೆ ಎಕರೆ ಸುಟ್ಟೇ ಹೋಯಿತು, ಎರಡು ಚೀಲ ಸಿಕ್ಕಿತು. ಅಕ್ಕಡಿಯಲ್ಲೂ ರಾಗಿ ಅಷ್ಟಕ್ಕಷ್ಟೆ. ಆದರೆ ಅವರೆ ಇಬ್ಬನಿಗೇ ಚಿಗುರಿ ಹೂ ಬಿಟ್ಟಿತು. ಸೊಗಡು ಅವರೆಕಾಯಿ ಮಾರಿದ ದುಡ್ಡಲ್ಲೇ ದನಕ್ಕೆ ಮೇವು ತಂದೆ. ಹೊಂಡದಲ್ಲಿ ಜುಲೈ ಮಳೆಯ ನೀರು ಅರ್ಧ ಇತ್ತು. ಎಂಜಿನ್ ಇಟ್ಟು ಗುಳಿ ರಾಗಿಗೆ ಎರಡು ಸಲ ಕೊಟ್ಟೆ. ಬುಡಕ್ಕಷ್ಟೇ ನೀರು ಸಾಕಾದ್ದರಿಂದ ಎಕರೆ ಪೂರ್ತಿ ತಲುಪಿತು. ಒಂಬತ್ತು ಚೀಲ ಬಂತು. ನಕ್ಕವರಲ್ಲಿ ಇಬ್ಬರು ಬೀಜ ಕೇಳಿಕೊಂಡು ಬಂದರು.

ಹಾಗಂತ ಮೂರೂ ಎಕರೆಗೆ ಗುಳಿ ಮಾಡುತ್ತೀಯಾ ಅಂದರೆ, ಇಲ್ಲ. ಒಂದು ಎಕರೆ ನೆಡೋದಕ್ಕೇ ಹತ್ತು ಆಳು ಬೇಕು, ಆಳು ಸಿಗಲ್ಲ. ಹೊಂಡದ ನೀರೂ ಅಷ್ಟಕ್ಕೇ ಸರಿ. ನನ್ನ ಹೆಂಡತಿಗೂ ಕಳೆ ಕಿತ್ತು ಸಾಕಾಗಿದೆ, ಮುಂದಿನ ಸಲ ನೀನೇ ಕೀಳು ಅಂದಿದ್ದಾಳೆ.

ಈಗ ಹೊಂಡದ ಟಾರ್ಪಾಲನ್ನು ಎರಡು ಕಡೆ ಇಲಿ ಕಡಿದಿದೆ. ಜೂನ್ ಕೊನೆಯ ಆರಿದ್ರಾ ಮಳೆ ಹುಟ್ಟುವುದರೊಳಗೆ ತೇಪೆ ಹಾಕಬೇಕು.