ಕ್ಯಾಡ್ ಫೈಲ್ ಕನ್ವರ್ಟ್ ಮಾಡಲು ದುಡ್ಡು ಖರ್ಚಾಗದ ದಾರಿ: ನನ್ನ ಅನುಭವ

ಶೀಟ್ ಮೆಟಲ್ ಭಾಗಗಳ ಡ್ರಾಯಿಂಗನ್ನು ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರ್‌ನಲ್ಲಿ, ಸಿದ್ಧಮಾಡಿ ಲೇಸರ್ ಕಟಿಂಗ್‌ಗೆ ಕಳಿಸುವುದು ನನ್ನ ಕೆಲಸ. ಒಂದು ದಿನ ಗ್ರಾಹಕರಿಂದ ನಲವತ್ತು ಡಿಡಬ್ಲ್ಯೂಜಿ (ಆಟೋಕ್ಯಾಡ್ ಎಂಬ ಕ್ಯಾಡ್ ಸಾಫ್ಟ್‌ವೇರ್‌ನ ಡ್ರಾಯಿಂಗ್ ಫಾರ್ಮ್ಯಾಟ್) ಫೈಲ್‌ಗಳು ಒಟ್ಟಿಗೆ ಬಂದವು. ನನ್ನ ಹಳೆಯ ಸಾಫ್ಟ್‌ವೇರ್‌ನಲ್ಲಿ ಒಂದೂ ತೆರೆಯಲಿಲ್ಲ. ಬರೀ ಫೈಲ್ ತೆರೆಯೋದಕ್ಕೆ ವರ್ಷವರ್ಷವೂ ದುಡ್ಡು ಕಟ್ಟುವ ಸಾಫ್ಟ್‌ವೇರ್ ತಗೋಬೇಕಾ ಎಂದು ಚಿಂತೆ ಹತ್ತಿತು.

ಒಂದು ಫೈಲನ್ನು ಸುಮ್ನೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ತಲೆಬುಡ ತಿಳಿಯದ ಅಕ್ಷರಗಳು. ಆದರೆ ಶುರುವಿನಲ್ಲೇ ಒಂದು ಗುರುತು ಸ್ಪಷ್ಟವಾಗಿತ್ತು: ಎಸಿ1032. ಅದು ಆಟೋಕ್ಯಾಡ್ 2018ರ ಫಾರ್ಮ್ಯಾಟ್. ಎಸಿ1027 ಇದ್ದರೆ 2013ರದ್ದು, ಎಸಿ1024 ಇದ್ದರೆ 2010ರದ್ದು. ನನ್ನ ಸಾಫ್ಟ್‌ವೇರ್ 2010ರವರೆಗಿನದನ್ನು ಮಾತ್ರ ಓದುತ್ತಿತ್ತು. ಫೈಲ್ ಕೆಟ್ಟಿರಲಿಲ್ಲ, ಹೊಸದಾಗಿತ್ತು ಅಷ್ಟೇ. ನನಗೆ ಬೇಕಿದ್ದದ್ದು ಹೊಸ ಕ್ಯಾಡ್ ಅಲ್ಲ, ವರ್ಷನ್ ಇಳಿಸುವ ಒಂದು ಸಣ್ಣ ಟೂಲ್.

ಆಟೋಡೆಸ್ಕ್‌ನ ಡಿಡಬ್ಲ್ಯೂಜಿ ಟ್ರೂವ್ಯೂ ಉಚಿತ. ಡಿಡಬ್ಲ್ಯೂಜಿಯ ವರ್ಷನ್ ಬದಲಿಸಲು ಅದು ಸಾಕು. ನನಗೆ ಮುಂದೆ ಡಿಎಕ್ಸ್‌ಎಫ್ (ಕಟಿಂಗ್‌ನವರಿಗೆ ಕಳಿಸುವ ಡ್ರಾಯಿಂಗ್ ಫಾರ್ಮ್ಯಾಟ್) ಕೂಡ ಬೇಕಿತ್ತು, ಹಾಗಾಗಿ ಓಡಿಎ ಫೈಲ್ ಕನ್ವರ್ಟರ್ ಹಾಕಿಕೊಂಡೆ. ಇದೂ ಉಚಿತವೇ. ಫೈಲ್‌ಗಳಿರುವ ಫೋಲ್ಡರ್ ತೋರಿಸಬೇಕು, ಹೊಸವು ಹೋಗಿ ಸೇರಬೇಕಾದ ಫೋಲ್ಡರ್ ತೋರಿಸಬೇಕು, ವರ್ಷನ್ ಆರಿಸಬೇಕು. ಒಂದೊಂದಾಗಿ ತೆರೆಯುವ ಕಾಟವಿಲ್ಲ, ನಲವತ್ತೂ ಒಂದೇ ಸಲಕ್ಕೆ ಆದವು. ಆನ್‌ಲೈನ್ ಕನ್ವರ್ಟರ್‌ಗಳ ಕಡೆ ನಾನು ಹೋಗಲಿಲ್ಲ. ಗ್ರಾಹಕರು ನಂಬಿ ಕೊಟ್ಟ ಡ್ರಾಯಿಂಗನ್ನು ಯಾರದೋ ಸರ್ವರ್‌ಗೆ ಹಾಕುವುದು ಸರಿಯಲ್ಲ ಅಲ್ವಾ?

ಎಡವಿದ್ದು ಡಿಎಕ್ಸ್‌ಎಫ್ ಮಾಡುವಾಗ. ಕಟಿಂಗ್‌ನವರು ಆರ್12 ವರ್ಷನ್ ಕೇಳಿದ್ದರು. ಇದು ತುಂಬಾ ಹಳೆಯದು, ಆದರೆ ಹೆಚ್ಚುಕಡಿಮೆ ಎಲ್ಲ ಮಷಿನ್‌ಗಳೂ ಓದುತ್ತವೆ. ಅದರಲ್ಲಿ ಎಲಿಪ್ಸ್ (ಅಂಡಾಕಾರ), ಸ್ಪ್ಲೈನ್ (ಬೇಕಾದಂತೆ ಬಾಗುವ ನುಣುಪು ಗೆರೆ) ಎಂಬುದೇ ಇಲ್ಲ. ನನ್ನ ಒಂದು ಅಂಡಾಕಾರದ ಕಿಂಡಿ ಚಿಕ್ಕ ಚಿಕ್ಕ ಗೆರೆಗಳ ಸರವಾಗಿ ಹೊರಬಂತು. ದೂರದಿಂದ ನೋಡಿದರೆ ನುಣುಪು, ಝೂಮ್ ಮಾಡಿದರೆ ಮೂಲೆಗಳು. ಅಂಥ ಆಕಾರಗಳನ್ನು ಈಗ ಮೊದಲೇ ಆರ್ಕ್‌ಗಳಲ್ಲಿ (ವೃತ್ತದ ತುಂಡುಗಳಲ್ಲಿ) ಬರೆದುಕೊಳ್ಳುತ್ತೇನೆ.

ಅಳತೆಯ ವಿಷಯ ಇದಕ್ಕಿಂತ ಅಪಾಯ. ಆರ್12 ಫೈಲ್‌ನೊಳಗೆ ಮಿಲಿಮೀಟರೋ ಇಂಚೋ ಎಂದು ಬರೆದಿರುವುದಿಲ್ಲ, ಬರೀ ಸಂಖ್ಯೆ ಇರುತ್ತದೆ. 254 ಮಿಲಿಮೀಟರ್ ಉದ್ದದ ಬ್ರಾಕೆಟ್ ಅಳೆದಾಗ 10 ಎಂದು ತೋರಿಸಿತು. ಮೂಲ ಡ್ರಾಯಿಂಗ್ ಇಂಚಿನಲ್ಲಿತ್ತು. 25.4ರಿಂದ ಸ್ಕೇಲ್ ಮಾಡಿದ ಮೇಲೆ ಸರಿಹೋಯಿತು. ಅಳೆಯದೇ ಕಳಿಸಿದ್ದರೆ ತಗಡು ದಂಡವಾಗುತ್ತಿತ್ತು. ಹಾಗಾಗಿ ನನಗೆ ಗೊತ್ತಿರುವ ಒಂದಾದರೂ ಅಳತೆಯನ್ನು ಹಿಡಿದು ನೋಡದೆ ಯಾವ ಫೈಲನ್ನೂ ಕಳಿಸುವುದಿಲ್ಲ.

ತ್ರೀಡಿ ಫೈಲ್‌ಗಳಿಗೆ ಫ್ರೀಕ್ಯಾಡ್ ಬಳಸುತ್ತೇನೆ. ಸ್ಟೆಪ್ (ಸಿಲಿಂಡರ್‌ನಂಥ ಆಕಾರಗಳನ್ನು ಹಾಗೇ ಇಟ್ಟುಕೊಳ್ಳುವ ಫಾರ್ಮ್ಯಾಟ್), ಐಜಿಇಎಸ್, ಎಸ್‌ಟಿಎಲ್ ಎಂಬ ತ್ರೀಡಿ ಫಾರ್ಮ್ಯಾಟ್‌ಗಳೆಲ್ಲವನ್ನೂ ತೆರೆಯುತ್ತದೆ, ಕಾಸು ಕೇಳುವುದಿಲ್ಲ. ಒಮ್ಮೆ ಒಂದು ಭಾಗದ ಎಸ್‌ಟಿಎಲ್ ಬಂತು, ಸ್ಟೆಪ್ ಮಾಡಿಕೊಡಿ ಎಂದರು. ಫ್ರೀಕ್ಯಾಡ್‌ನಲ್ಲಿ ಮೆಶ್‌ನಿಂದ (ತ್ರಿಕೋನಗಳ ಬಲೆಯಿಂದ) ಶೇಪ್ ಮಾಡಿದೆ, ಅದನ್ನು ಸಾಲಿಡ್ ಮಾಡಿ ಸ್ಟೆಪ್‌ಗೆ ಕಳಿಸಿದೆ. ಫೈಲೇನೋ ಬಂತು. ಆದರೆ ದುಂಡನೆಯ ತೂತನ್ನು ಕ್ಲಿಕ್ ಮಾಡಿದರೆ ಒಂದು ಸಣ್ಣ ಚಪ್ಪಟೆ ಪಟ್ಟಿ ಮಾತ್ರ ಆಯ್ಕೆಯಾಗುತ್ತಿತ್ತು. ಎಸ್‌ಟಿಎಲ್‌ನಲ್ಲಿ ಇರುವುದೇ ತ್ರಿಕೋನಗಳು. ಸಿಲಿಂಡರ್ ಎಂಬ ಮಾಹಿತಿ ಅಲ್ಲಿಲ್ಲ ಎಂದಮೇಲೆ ಎಷ್ಟು ದುಬಾರಿ ಕನ್ವರ್ಟರ್ ತಂದರೂ ಅದನ್ನು ಊಹಿಸಿಯೇ ಕಟ್ಟಬೇಕು.

ಅದರ ಮೇಲೆ ಅರ್ಧ ದಿನ ಕಳೆದಿದ್ದೆ. ಕೊನೆಗೆ ಗ್ರಾಹಕರಿಗೇ ಬರೆದೆ: "ಇದನ್ನು ಡಿಸೈನ್ ಮಾಡಿದವರ ಹತ್ತಿರ ಸ್ಟೆಪ್ ಎಕ್ಸ್‌ಪೋರ್ಟ್ ಮಾಡಿಸಿ ಕಳಿಸ್ತೀರಾ?" ಸಂಜೆಯೊಳಗೆ ಬಂತು. ತೂತಿನ ಮೇಲೆ ಕ್ಲಿಕ್ ಮಾಡಿದೆ. ಪೂರ್ತಿ ಸಿಲಿಂಡರ್ ಆಯ್ಕೆಯಾಯಿತು, ತ್ರಿಜ್ಯ 6 ಮಿಲಿಮೀಟರ್ ಎಂದು ತೋರಿಸಿತು.