ಎಷ್ಟು ಕಂಬ ನಡೆದಿರಿ ಎಂದು ಬರೆದಿಡಿ: ಸೊಂಟದಲ್ಲಿ ನರದ ದಾರಿ ಕಿರಿದಾದಾಗ ಆಪರೇಷನ್ ಬೇಕೇ?

ನಮ್ಮ ಮನೆಯ ಗೇಟಿನಿಂದ ಬಸ್ ನಿಲ್ದಾಣದವರೆಗೆ ಹನ್ನೊಂದು ವಿದ್ಯುತ್ ಕಂಬಗಳಿವೆ. ಎರಡು ವರ್ಷದ ಹಿಂದೆ ಮೂರನೆಯ ಕಂಬ ತಲುಪುವಷ್ಟರಲ್ಲಿ ನನ್ನ ಎರಡೂ ತೊಡೆಗಳು ಭಾರವಾಗಿ, ಮೀನಖಂಡ ಜೋಮು ಹಿಡಿಯುತ್ತಿತ್ತು. ಯಾರದಾದರೂ ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ಎರಡು ನಿಮಿಷ ಬಗ್ಗಿ ನಿಂತರೆ ಎಲ್ಲವೂ ಇಳಿದುಹೋಗುತ್ತಿತ್ತು. ನಮ್ಮದು ಮಲೆನಾಡು, ಏರುತಗ್ಗಿನ ದಾರಿ. ಏರು ಹತ್ತುವಾಗ ಅಷ್ಟು ತೊಂದರೆಯಿಲ್ಲ, ಇಳಿಯುವಾಗಲೇ ಕಷ್ಟ. ಇದನ್ನು ಹೇಳಿದರೆ ನಮ್ಮವರೂ ನಂಬಲಿಲ್ಲ.

ಡಾಕ್ಟರು ಮಾತ್ರ ಇದೊಂದು ಮಾತನ್ನು ಕೇಳಿಯೇ ಅರ್ಧ ರೋಗ ಗುರುತಿಸಿದರು. ವಯಸ್ಸಾದಂತೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ, ಕೀಲುಗಳು ದಪ್ಪಗಾಗಿ, ಮೂಳೆಗಳನ್ನು ಜೋಡಿಸಿಡುವ ಒಳಗಿನ ಪಟ್ಟಿ, ಅಂದರೆ ಅಸ್ಥಿರಜ್ಜು, ಕೂಡ ದಪ್ಪವಾಗಿ, ಬೆನ್ನುಮೂಳೆಯೊಳಗೆ ನರಗಳು ಹಾದುಹೋಗುವ ದಾರಿ ಕಿರಿದಾಗುತ್ತದೆ. ಇದಕ್ಕೆ ಲಂಬಾರ್ ಸ್ಟೆನೋಸಿಸ್ ಎನ್ನುತ್ತಾರೆ. ಮುಂದಕ್ಕೆ ಬಗ್ಗಿದರೆ ಆ ದಾರಿ ಸ್ವಲ್ಪ ಅಗಲವಾಗುತ್ತದೆ, ನೆಟ್ಟಗೆ ನಿಂತರೆ ಮತ್ತೆ ಬಿಗಿಯುತ್ತದೆ. ಏರು ಹತ್ತುವಾಗ ನಾವು ಬಗ್ಗಿಯೇ ನಡೆಯುತ್ತೇವಲ್ಲ! ನಿಮಗೆ ಬಗ್ಗದೆ, ಸುಮ್ಮನೆ ನಿಂತರೂ ಕಾಲುನೋವು ಇಳಿಯುತ್ತಿದ್ದರೆ ಅದನ್ನು ಮರೆಯದೆ ಹೇಳಿ. ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದರೂ ಹಾಗಾಗುತ್ತದೆ, ಅದರ ಚಿಕಿತ್ಸೆಯೇ ಬೇರೆ.

ಎಲ್ಲಕ್ಕಿಂತ ಮೊದಲು ಇದನ್ನು ತಿಳಿದಿರಿ: ಮೂತ್ರ ಕಟ್ಟಿಕೊಂಡರೆ ಅಥವಾ ತಡೆಯಲಾಗದಿದ್ದರೆ, ಗುದದ್ವಾರ ಮತ್ತು ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲು ಬಾರದೆ ಚಪ್ಪಲಿ ಜಾರತೊಡಗಿದರೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ಯೋಚಿಸುತ್ತ ಕೂರುವ ಸಮಯವಲ್ಲ.

ಅಂಥದ್ದೇನೂ ಇಲ್ಲದಿದ್ದರೆ ಅವಸರವಿಲ್ಲ. ಇಂದು ಆಪರೇಷನ್ ಬೇಡವೆಂದವರು ಆರು ತಿಂಗಳ ನಂತರವೂ ಮಾಡಿಸಿಕೊಳ್ಳಬಹುದು. ಎಂ.ಆರ್.ಐ. ವರದಿ ಓದಿ ಎದೆ ಒಡೆದುಕೊಳ್ಳಬೇಡಿ. ನನ್ನ ವರದಿಯಲ್ಲಿ ಎಲ್4-ಎಲ್5 ಜಾಗದಲ್ಲಿ, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವೆ, ‘ತೀವ್ರ’ ಎಂದಿತ್ತು. ನನ್ನ ಅಕ್ಕನದರಲ್ಲಿ ‘ಮಧ್ಯಮ’ ಎಂದಿತ್ತು, ಆದರೆ ಅಡುಗೆಮನೆಯಲ್ಲಿ ಒಂದು ದೋಸೆ ಹೊಯ್ಯುವಷ್ಟು ಹೊತ್ತು ನಿಲ್ಲಲಾಗದವಳು ಅವಳೇ. ಫಿಲ್ಮಿನಲ್ಲಿ ದಾರಿ ಕಿರಿದಾಗಿದ್ದರೂ ಯಾವ ನೋವೂ ಇಲ್ಲದೆ ಓಡಾಡುವ ಹಿರಿಯರು ಬೇಕಾದಷ್ಟು ಜನರಿದ್ದಾರೆ.

ಹಾಗಾದರೆ ಯಾವುದನ್ನು ನಂಬಬೇಕು? ನಿಮ್ಮ ನಡಿಗೆಯನ್ನು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ದಿನವೂ ಬರೆದೆ: ಎಷ್ಟನೆಯ ಕಂಬಕ್ಕೆ ನಿಂತೆ, ಯಾವ ಕಾಲು, ಬಗ್ಗಿದ ಎಷ್ಟು ಹೊತ್ತಿಗೆ ಇಳಿಯಿತು, ರಾತ್ರಿ ನಿದ್ದೆ ಬಂತೇ. ಎರಡನೆಯ ಸಲ ಹೋದಾಗ ಡಾಕ್ಟರು ಫಿಲ್ಮ್ ಬದಿಗಿಟ್ಟು ಆ ಹಾಳೆಗಳನ್ನೇ ಓದಿದರು.

ನಾನು ಮೂರು ತಿಂಗಳು ಫಿಸಿಯೋಥೆರಪಿ ಆರಿಸಿಕೊಂಡೆ. ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ತಂದು ಹಿಡಿಯುವುದು, ಹೊಟ್ಟೆಯ ಸ್ನಾಯು ಬಿಗಿಯುವುದು, ನಿಂತಲ್ಲೇ ತುಳಿಯುವ ಸೈಕಲ್. ನಡಿಗೆಯನ್ನು ತುಂಡು ಮಾಡಿ, ನೋವು ಏರುವ ಮುನ್ನವೇ ಕುಳಿತು, ಮತ್ತೆ ಎದ್ದು ನಡೆಯುವುದು. ಒಂದು ಎಚ್ಚರಿಕೆ: ಸೊಂಟನೋವಿಗೆ ಭುಜಂಗಾಸನ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ನಾಲ್ಕು ದಿನ ಮಾಡಿ, ಐದನೆಯ ದಿನ ಒಂದೇ ಕಂಬಕ್ಕೆ ನಿಂತಿದ್ದೇನೆ. ಹಿಂದಕ್ಕೆ ಬಾಗುವ ಆಸನಗಳು ಈ ರೋಗದಲ್ಲಿ ನರವನ್ನು ಇನ್ನಷ್ಟು ಒತ್ತುತ್ತವೆ. ನೋವಿನ ಮಾತ್ರೆಯನ್ನೂ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಬಿ.ಪಿ., ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಬಹಳ ಕೆಟ್ಟದ್ದು.

ಬೆನ್ನಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ಬಗ್ಗೆಯೂ ಕೇಳಿದೆ. ಅಮೆರಿಕದಲ್ಲಿ 400 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಅರಿವಳಿಕೆ ಪಡೆದವರಿಗೂ ಅದರ ಜೊತೆ ಸ್ಟೀರಾಯ್ಡ್ ಪಡೆದವರಿಗೂ ಆರು ವಾರದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾನು ಬೇಡವೆಂದೆ.

ಅಕ್ಕ ಆಪರೇಷನ್ ಮಾಡಿಸಿಕೊಂಡಳು. ಆರು ತಿಂಗಳು ವ್ಯಾಯಾಮ ಮಾಡಿಯೂ ಅವಳ ಪುಸ್ತಕದ ಅಂಕಿ ಮೇಲೇರಲಿಲ್ಲ, ಅದಕ್ಕೇ. ನರವನ್ನು ಒತ್ತುತ್ತಿರುವ ಮೂಳೆ ಮತ್ತು ಅಸ್ಥಿರಜ್ಜುವಿನ ಭಾಗವನ್ನು ತೆಗೆದು ಜಾಗ ಬಿಡಿಸುತ್ತಾರೆ. ಕಾಲುನೋವು ಆಸ್ಪತ್ರೆಯಲ್ಲೇ ಹೋಯಿತು, ಸೊಂಟನೋವು ಸ್ವಲ್ಪ ಉಳಿದಿದೆ. ಈ ಆಪರೇಷನ್ ಕಾಲಿಗೆ ಕೊಡುವಷ್ಟು ಸುಖವನ್ನು ಸೊಂಟಕ್ಕೆ ಕೊಡುವುದಿಲ್ಲ ಎಂದು ಮೊದಲೇ ತಿಳಿದಿದ್ದರಿಂದ ಅವಳಿಗೆ ನಿರಾಸೆಯಾಗಲಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ ಎಂದು ಕೇಳುವವರಿಗೆ: ಅಮೆರಿಕದ 13 ಕೇಂದ್ರಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನಿಜವಾಗಿ ಆಪರೇಷನ್ ಮಾಡಿಸಿಕೊಂಡವರು ಎರಡು ವರ್ಷದವರೆಗೂ ಹೆಚ್ಚು ಸುಧಾರಿಸಿದ್ದರು. ಆದರೆ ಆಪರೇಷನ್ ಇಲ್ಲದ ಗುಂಪಿಗೆ ಚೀಟಿ ಎತ್ತಿದಂತೆ ಸೇರಿಸಿದವರಲ್ಲಿ ನೂರಕ್ಕೆ 43 ಮಂದಿ ಆ ಹೊತ್ತಿಗೆ ಆಪರೇಷನ್ ಮಾಡಿಸಿಕೊಂಡಿದ್ದರು. 2015ರ ಇನ್ನೊಂದು ಅಧ್ಯಯನದಲ್ಲಿ 169 ಮಂದಿಯಲ್ಲಿ ಆಪರೇಷನ್ ಗುಂಪೂ ಫಿಸಿಯೋಥೆರಪಿ ಗುಂಪೂ ಎರಡು ವರ್ಷದ ಕೊನೆಗೆ ಒಂದೇ ಮಟ್ಟದಲ್ಲಿದ್ದವು. ಅಲ್ಲಿಯೂ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿ ವ್ಯಾಯಾಮದಿಂದ ಆಪರೇಷನ್ನಿಗೆ ಹೊರಳಿದ್ದರು. ಹಾಗಾಗಿ ಮೊದಲು ವ್ಯಾಯಾಮ ಎನ್ನುವುದರಲ್ಲಿ ತಪ್ಪಿಲ್ಲ, ಅದು ಸಾಲದಾದಾಗ ಆಪರೇಷನ್ ಎನ್ನುವುದರಲ್ಲಿ ಸೋಲೂ ಇಲ್ಲ.

ಆಪರೇಷನ್ ಎಂದು ನಿರ್ಧರಿಸಿದರೆ, ರಾಡು-ಸ್ಕ್ರೂ ಹಾಕಿ ಮೂಳೆಗಳನ್ನು ಬೆಸೆಯುವುದು ಏಕೆ ಬೇಕು ಎಂದು ತಪ್ಪದೆ ಕೇಳಿ. ಮೂಳೆ ಜಾರಿದೆಯೇ, ಅಲುಗಾಡುತ್ತಿದೆಯೇ ಎಂದು ತೋರಿಸಲು ಹೇಳಿ. 2016ರಲ್ಲಿ ಸ್ವೀಡನ್ನಿನ 247 ರೋಗಿಗಳ ಅಧ್ಯಯನದಲ್ಲಿ ಮೂಳೆಗಳನ್ನು ಬೆಸೆದಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ದಿನವೇ ತಿಳಿಸಿ. ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತನ್ನಿ, ಬೀಡಿ-ಸಿಗರೇಟು ಬಿಡಿ. ಆಸ್ಪತ್ರೆಗೆ ಹೋಗುವ ಮುನ್ನವೇ ಮನೆಯ ಶೌಚಾಲಯಕ್ಕೆ ಕಮೋಡ್ ಅಥವಾ ಕಮೋಡ್ ಕುರ್ಚಿ ಹಾಕಿಸಿ. ಅಕ್ಕನ ಮನೆಯಲ್ಲಿ ಅದನ್ನು ಮರೆತು, ಅವಳು ಮನೆಗೆ ಬಂದ ರಾತ್ರಿಯೇ ಭಾವ ಪಕ್ಕದ ಮನೆಯಿಂದ ಕುರ್ಚಿ ತರಬೇಕಾಯಿತು.