ಹತ್ತು ಫೋನ್ ಕರೆಯ ಹ್ಯಾಷ್‌ಟ್ಯಾಗ್

"ಫೋನಲ್ಲಿ ಹೇಳಿ ಬರೆಸ್ತೀಯಾ? ಇದೇನು ಉಕ್ತಲೇಖನನಾ?" ಅಂತ ನಾನು ಮದುವೆಯ ಹ್ಯಾಷ್‌ಟ್ಯಾಗ್ ಪರೀಕ್ಷಿಸುವ ರೀತಿ ನೋಡಿ ನಕ್ಕಿದ್ದ ಫೋಟೋಗ್ರಾಫರ್ ಗೆಳೆಯ ಹೋದ ತಿಂಗಳು ತಾನೇ ಫೋನ್ ಮಾಡಿ, ತಂಗಿ ಮದುವೆಗೆ ಒಂದು ಹ್ಯಾಷ್‌ಟ್ಯಾಗ್ ಮಾಡಿಕೊಡು ಮಾರಾಯ ಅಂದ. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ಆಮಂತ್ರಣ, ಬೋರ್ಡು, ಆಲ್ಬಂ ಡಿಸೈನ್ ನನ್ನ ಕೆಲಸ. ಹ್ಯಾಷ್‌ಟ್ಯಾಗನ್ನು, ಅಂದರೆ ಮದುವೆಗೆ ಬಂದವರು ಹಾಕುವ ಫೋಟೋಗಳೆಲ್ಲ ಇನ್‌ಸ್ಟಾಗ್ರಾಂನಲ್ಲಿ ಒಂದೇ ಕಡೆ ಸಿಗಲಿ ಅಂತ # ಹಾಕಿ ಬರೆಯುವ ಪದವನ್ನು, ಸುಮ್ನೆ ಬಿಟ್ಟಿಯಾಗಿ ಕೊಡುತ್ತಿದ್ದೆ. ಆ ಬಿಟ್ಟಿ ಐಟಮ್ಮೇ ಜಾಸ್ತಿ ದುಡ್ಡು ತಿಂದಿತು.

ಮೊದಲ ಪೆಟ್ಟು ಸುಮಾ ಮತ್ತು ರೂಪೇಶ್ ಮದುವೆಯಲ್ಲಿ. ಇಬ್ಬರ ಹೆಸರಿನ ತಲೆ ಸೇರಿಸಿ #ಸುಮಾರೂಮದುವೆ ಮಾಡಿದೆ, ಇಂಗ್ಲಿಷ್ ಅಕ್ಷರದಲ್ಲಿ. ಎಸ್, ಆರ್, ಎಂ ಮೂರನ್ನೂ ದೊಡ್ಡದಾಗಿ ಹಾಕಿದ್ದರಿಂದ ಸ್ಕ್ರೀನಿನಲ್ಲಿ ಚೆನ್ನಾಗೇ ಕಾಣುತ್ತಿತ್ತು. ಹಿಂದಿನ ದಿನ ಸಂಜೆ ಹುಡುಗಿಯ ಚಿಕ್ಕಪ್ಪ ಬೋರ್ಡಿನ ಮುಂದೆ ನಿಂತರು, ಕನ್ನಡಕ ಏರಿಸಿದರು, ಜೋರಾಗಿ ಓದಿದರು: "ಸುಮಾರು ಮದುವೆ." ಆಮೇಲೆ ನನ್ನ ಕಡೆ ತಿರುಗಿ, "ಸುಮಾರು ಯಾಕಪ್ಪಾ, ಚೆನ್ನಾಗೇ ಮಾಡ್ತಿದ್ದೀವಲ್ಲ?" ಅಂದರು. ಬೋರ್ಡು, ಟೇಬಲ್ ಕಾರ್ಡು, ಸ್ಟಿಕರ್ ಎಲ್ಲ ರಾತ್ರೋರಾತ್ರಿ ಮತ್ತೆ ಪ್ರಿಂಟ್. ಆ ಕೆಲಸದಲ್ಲಿ ಉಳಿಯಬೇಕಿದ್ದರಲ್ಲಿ ಮುಕ್ಕಾಲು ಪಾಲು ಪ್ರಿಂಟಿಂಗಿಗೇ ಹೋಯಿತು. ದೊಡ್ಡವರಿಗೂ ಹೀಗಾಗಿದೆ ಬಿಡಿ. 2012ರಲ್ಲಿ ಗಾಯಕಿ ಸೂಸನ್ ಬಾಯ್ಲ್ ಆಲ್ಬಂ ಪಾರ್ಟಿಯ ಟ್ಯಾಗ್‌ನಲ್ಲಿ ಪದಗಳು ಒಂದಕ್ಕೊಂದು ಅಂಟಿಕೊಂಡು ಏನೇನೋ ಓದಿಸಿಕೊಂಡು ಜಗತ್ತೇ ನಕ್ಕಿತ್ತು.

ಎರಡನೆಯದು ಇನ್ನೂ ಹೊಟ್ಟೆ ಉರಿಸುತ್ತದೆ. ಹುಡುಗಿ ಮಧು, ಹುಡುಗ ಚಂದ್ರ. #ಮಧುಚಂದ್ರ! ಇಂಥ ಜೋಡಿ ಇನ್ನೊಮ್ಮೆ ಸಿಗುತ್ತಾ? ಎರಡೂ ಮನೆಯವರು ಚಪ್ಪಾಳೆ ತಟ್ಟಿದರು. ಮದುವೆಯ ಮರುದಿನ ಟ್ಯಾಗ್ ತೆರೆದರೆ ಯಾರ್ಯಾರದೋ ಹನಿಮೂನ್ ಫೋಟೋ, ಬೀಚು, ಹಿಮ, ರೆಸಾರ್ಟಿನ ಜಾಹೀರಾತು. ಮೂರು ಗಂಟೆ ಸ್ಕ್ರೋಲ್ ಮಾಡಿದ ಮೇಲೆ ನಮ್ಮ ಮದುವೆಯದು ಮೂವತ್ತೋ ನಲವತ್ತೋ ಸಿಕ್ಕಿರಬಹುದು. ಚೆನ್ನಾಗಿರುವ ಪದವನ್ನು ನಮಗಿಂತ ಮುಂಚೆ ಯಾರೋ ತೆಗೆದುಕೊಂಡಿರುತ್ತಾರೆ ಅಲ್ವಾ. #ಮಧುಗೊಬ್ಬಚಂದ್ರ ಅಂತ ಮಾಡಿದ್ದರೆ ಸಾಕಿತ್ತು, ಆದರೆ ಅದು ಹೊಳೆದದ್ದು ಒಂದು ವಾರ ಆದಮೇಲೆ. ಮುಂದಿನ ಮದುವೆಗೆ ಕೊನೆಯಲ್ಲಿ ಇಸವಿ ಸೇರಿಸಿದೆ, ಅರ್ಧ ಜನ ಇಸವಿಯನ್ನೇ ಮರೆತರು. ಅಂಡರ್‌ಸ್ಕೋರ್ ಹಾಕಿ ನೋಡಿದೆ. ಕೀಬೋರ್ಡಿನಲ್ಲಿ ಅದು ಎಲ್ಲಿದೆ ಅಂತ ಹುಡುಕುವಷ್ಟು ತಾಳ್ಮೆ ಮದುವೆಗೆ ಬಂದವರಿಗೆ ಎಲ್ಲಿರುತ್ತೆ.

ಆಮೇಲೆ ಶುರು ಮಾಡಿದ್ದು ಫೋನ್ ಪರೀಕ್ಷೆ. ಐದಾರು ಟ್ಯಾಗ್ ಬರೆದುಕೊಂಡು ಎರಡೂ ಕಡೆಯಿಂದ ಹತ್ತು ಜನಕ್ಕೆ ಫೋನ್ ಮಾಡುತ್ತೇನೆ. ಒಂದೇ ಸಲ ಹೇಳುವುದು, ಸ್ಪೆಲಿಂಗ್ ಕೇಳಿದರೆ ಹೇಳುವಂತಿಲ್ಲ. ಕೇಳಿಸಿಕೊಂಡದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ವಾಟ್ಸಾಪ್ ಮಾಡಬೇಕು. ಎಂಟು ಜನರದ್ದು ಒಂದೇ ತರ ಬಂದರೆ ಪಾಸ್. ಆ ಹತ್ತು ಜನರಲ್ಲಿ ಒಬ್ಬರು ಯಾರಾಗಿರಲೇಬೇಕು ಅನ್ನುವುದನ್ನು ಮಾತ್ರ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಗೆಲುವು ಸಿಕ್ಕಿದ್ದು ದೀಪಾ ಮತ್ತು ಕಿರಣ್ ಮದುವೆಯಲ್ಲಿ. ದೀಪಾ ಅನ್ನುವ ಒಂದು ಹೆಸರು ನಾಲ್ಕು ತರ ಬಂತು: ಡಬಲ್ ಇ, ಬರೀ ಐ, ಕೊನೆಗೆ ಒಂದು ಎ, ಎರಡು ಎ. ಆಗ ತಲೆಗೆ ಹೋಯಿತು. ದೀರ್ಘ ಬಂದಲ್ಲಿ ಜನ ಒಡೆಯುತ್ತಾರೆ, ಮಹಾಪ್ರಾಣ ಬಂದಲ್ಲಿ ಇನ್ನೂ ಒಡೆಯುತ್ತಾರೆ. ಹೆಸರನ್ನೇ ಬಿಟ್ಟು #ಎರಡುಬೆಳಕು ಅಂದೆ. ಎಲ್ಲವೂ ಹ್ರಸ್ವ, ಒಂದೂ ಒತ್ತಕ್ಷರವಿಲ್ಲ. ಹತ್ತರಲ್ಲಿ ಒಂಬತ್ತು ಸರಿ ಬಂದವು. ಹುಡುಕಿದರೆ ಪುಟವೂ ಖಾಲಿ. "ಹೆಸರೇ ಇಲ್ಲದ ಟ್ಯಾಗಾ?" ಅಂತ ಹುಡುಗನ ಅಕ್ಕ ಮುಖ ಸಿಂಡರಿಸಿದರು, ಗೆಳೆಯ ನಕ್ಕಿದ್ದೂ ಆಗಲೇ. ಸುಮಾರು ಮುನ್ನೂರು ಜನ ಬಂದಿದ್ದರು, ಇನ್ನೂರ ಮೂವತ್ತರ ಆಸುಪಾಸು ಪೋಸ್ಟ್ ಬಂದವು, ತಪ್ಪು ಸ್ಪೆಲಿಂಗಿನವು ಐದೋ ಆರೋ.

ನಡುವೆ ಕನ್ನಡ ಲಿಪಿಯ ಟ್ಯಾಗನ್ನೂ ಪ್ರಯತ್ನಿಸಿದೆ. ಕಿರಣ್ ತರ ವ್ಯಂಜನಕ್ಕೆ ನಿಲ್ಲುವ ಹೆಸರಿನಲ್ಲಿ ಕೆಲವು ಕೀಬೋರ್ಡು ಕಣ್ಣಿಗೆ ಕಾಣದ ಒಂದು ಅಕ್ಷರ ತುರುಕುತ್ತದೆ, ಕೆಲವು ತುರುಕುವುದಿಲ್ಲ. ನೋಡಲು ಒಂದೇ, ನನಗೆ ಸಿಕ್ಕಿದ್ದು ಎರಡು ಪುಟ. ಎರಡುಬೆಳಕಿಗೆ ಆ ಕಾಟ ಇರಲಿಲ್ಲ, ಕನ್ನಡದಲ್ಲೂ ಇಪ್ಪತ್ತರಷ್ಟು ಬಂದವು.

ಇನ್ನು ಪ್ರೈವೇಟ್ ಖಾತೆಯವರ ಫೋಟೋ ಟ್ಯಾಗಿನಲ್ಲಿ ಎಲ್ಲರಿಗೂ ಕಾಣಲ್ಲ, ಸ್ಟೋರಿ 24 ಗಂಟೆಗೆ ಮಾಯ. ಡಿಸೆಂಬರ್ 2024ರಲ್ಲಿ ಇನ್‌ಸ್ಟಾಗ್ರಾಂ ಟ್ಯಾಗ್ ಫಾಲೋ ಮಾಡುವುದನ್ನೂ ತೆಗೆದುಹಾಕಿತು. ಅದಕ್ಕೇ ಮದುವೆ ರಾತ್ರಿಯೇ ಒಬ್ಬ ಹುಡುಗನನ್ನು ಕೂರಿಸಿ ಎಲ್ಲ ಸೇವ್ ಮಾಡಿಸುತ್ತೇನೆ, ಅವನ ಕೂಲಿಯನ್ನು ಬಿಲ್ಲಿಗೆ ಸೇರಿಸುತ್ತೇನೆ. ಟ್ಯಾಗಿಗೂ ಈಗ ಬೇರೆ ಚಾರ್ಜು, ಆಮಂತ್ರಣದ ಡಿಸೈನಿನಷ್ಟೇ. ಗೆಳೆಯ ಡಿಸ್ಕೌಂಟ್ ಕೇಳಿದ. ನಕ್ಕಿದ್ದು ನೆನಪಿಸಿ ಪೂರ್ತಿ ತೆಗೆದುಕೊಂಡೆ.